ಹುಲ್ಲುಮೇಷ್ಟ್ರು ತೆರೆದಿಟ್ಟ ಫೈಲು

ಬಟ್ಟೆ ಒಗೆಯುವ ಯಂತ್ರ ಕೊನೆಯ ಸುತ್ತಿಗೆ ಬಂದು ಗಡಗಡ ನಡುಗತೊಡಗಿತು, ಅದರ ಜೊತೆಗೆ ಮೇಜು, ಮೇಜಿನ ಮೇಲಿನ ಲೋಟ, ಲೋಟದೊಳಗಿನ ನೀರು ಎಲ್ಲ ನಡುಗಿ, ಇನ್ನೇನು ಯಂತ್ರ ತಾನೇ ಬಾಗಿಲು ತೆಗೆದುಕೊಂಡು ಹೊರಟುಬಿಡುತ್ತದೇನೋ ಎಂದು ಅವಳು ನೋಡುತ್ತಿರುವಾಗಲೇ ಫೋನು ಗುಂಯ್ ಅಂದಿತು — ಲಾಗಿನ್ ಆಗುತ್ತಿರುವುದು ನೀವೇನಾ? ಹೌದು, ಇಲ್ಲ, ಎರಡೇ ಗುಂಡಿ. ನಾನೇ ಕಣಪ್ಪಾ, ಇನ್ಯಾರಿದ್ದಾರೆ ಈ ಮನೆಯಲ್ಲಿ, ಹೌದು ಒತ್ತಿದಳು. ದಿನಕ್ಕೊಂದು ಸಲವಾದರೂ ನೀವೇನಾ ಎಂದು ಕೇಳುವುದು ಇದೊಂದೇ, ತಂಗಿ ಫೋನು ಮಾಡಿದರೆ ಅಕ್ಕಾ ಮಂಡಿ ಹೇಗಿದೆ ಎಂದು ಮಂಡಿಯ ಯೋಗಕ್ಷೇಮ ಕೇಳುತ್ತಾಳೆ, ಮಂಡಿಯ ಮೇಲೆ ಒಬ್ಬ ಮನುಷ್ಯಳೂ ಇದ್ದಾಳೆನ್ನುವುದು ಅವಳಿಗೆ ಮರೆತೇಹೋದಂತಿದೆ, ಇರಲಿ, ಅಷ್ಟಾದರೂ ಕೇಳುತ್ತಾಳಲ್ಲ. ತೆರೆಯ ಮೂಲೆಯಲ್ಲಿ ಪುಟ್ಟ ಬೀಗ ಹಸಿರಾಯಿತು, ಅಂದರೆ ಈಗ ಅವಳು ಒಳಗೆ, ಮನೆಯಿಂದ ವಿಶ್ವವಿದ್ಯಾಲಯಕ್ಕೆ ಒಂದು ಸುರಂಗ ಇದ್ದ ಹಾಗೆ ಮೇಡಂ, ನೀವು ಆ ಕಡೆಯಿಂದ ಎದ್ದು ಬರ್ತೀರ ಅಷ್ಟೇ ಎಂದು ಕಂಪ್ಯೂಟರ್ ವಿಭಾಗದ ಹುಡುಗಿ ಮೊದಲ ದಿನ ಹೇಳಿಕೊಟ್ಟಿದ್ದಳು, ಸುರಂಗ ದಾಟದಿದ್ದರೆ ಸಂಶೋಧನಾ ಪತ್ರಿಕೆಗಳ ಪುಟಗಳೆಲ್ಲ ಮುಖಕ್ಕೆ ಹೊಡೆದ ಹಾಗೆ ಮುಚ್ಚಿಕೊಳ್ಳುತ್ತವೆ, ನಿಮಗೆ ಅನುಮತಿ ಇಲ್ಲ, ದಾಟಿದರೆ ಅವೇ ಪುಟಗಳು ಹಲ್ಲುಕಿರಿಯುತ್ತವೆ, ಸ್ವಾಗತ, ನೀವು ವಿಶ್ವವಿದ್ಯಾಲಯದ ಆವರಣದಿಂದ ನೋಡುತ್ತಿದ್ದೀರಿ. ಆವರಣವಂತೆ ಆವರಣ. ಮಾಸಿದ ನೈಟಿ, ಸ್ಟೂಲಿನ ಮೇಲೆ ಚಾಚಿದ ಕಾಲು, ಕುರ್ಚಿಯ ಬೆನ್ನಿಗೆ ಒಣಹಾಕಿದ ಕಾಲುಚೀಲ. ನಿಜವಾದ ಆವರಣಕ್ಕೆ ಹೋಗಬೇಕೆಂದರೆ ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲು ಹತ್ತಬೇಕು, ಆಪರೇಷನ್ ಆದ ಮಂಡಿ ಅದಕ್ಕೆ ಒಪ್ಪುವುದಿಲ್ಲ, ಮನೆಯಿಂದಲೇ ಮಾಡಿ ಮೇಡಂ, ನಿಮಗೆ ಅಂತ ವ್ಯವಸ್ಥೆ ಮಾಡಿಸ್ತೀನಿ ಎಂದು ವಿಭಾಗದ ಮುಖ್ಯಸ್ಥರು ಧಾರಾಳವಾಗಿ ಹೇಳಿದ್ದರು, ಹೇಳಿ ಮರೆತಿದ್ದರು, ನಿನ್ನೆಯವರೆಗೆ.

ಫೋಲ್ಡರು ತೆರೆಯಿತು, ಅದರೊಳಗೆ ಹುಲ್ಲುಗಳ ಕೈಪಿಡಿ, ಒತ್ತಿದಳು, ಒಂದು ಕ್ಷಣ ಏನೂ ಇಲ್ಲ, ಈವತ್ತು ಆ ಸೂಚನೆ ಬರದಿದ್ದರೆ, ಬಂತು, ಸದ್ಯ. ಈ ಫೈಲನ್ನು ಹುಲ್ಲುಮೇಷ್ಟ್ರು ಬಳಸುತ್ತಿದ್ದಾರೆ. ನೀವು ಓದಬಹುದು, ತಿದ್ದುವಂತಿಲ್ಲ. ಅವರು ಮುಗಿಸಿದ ಮೇಲೆ ತಿಳಿಸಬೇಕೇ? ತಿಳಿಸು, ಒತ್ತಿದಳು, ದಿನವೂ ಒತ್ತುತ್ತಾಳೆ. ಆ ಹೆಸರು ಅವರಿಟ್ಟುಕೊಂಡದ್ದಲ್ಲ, ಹೊಸ ಕಂಪ್ಯೂಟರು ಬಂದ ದಿನ ಅದು ನಿಮ್ಮ ಹೆಸರೇನು ಎಂದು ಕೇಳಿತ್ತು, ಅವರು ಕೈಯಲ್ಲಿ ಯಾವುದೋ ತೆನೆ ಹಿಡಿದು ಮಸೂರದಲ್ಲಿ ನೋಡುತ್ತ, ಏನಾದ್ರೂ ಹಾಕಿ ಮೇಡಂ, ಅದಕ್ಕೂ ನನಗೂ ಏನು ಬೀಗತನ ಆಗಬೇಕಾ ಎಂದರು, ವಿದ್ಯಾರ್ಥಿಗಳು ಬೆನ್ನ ಹಿಂದೆ ಕರೆಯುವುದನ್ನೇ ಅವಳು ಹಾಕಿಬಿಟ್ಟಳು, ಹುಲ್ಲುಮೇಷ್ಟ್ರು. ನೋಡಿ, ಕನ್ನಡಕ ಹಣೆಗೇರಿಸಿ, ಪರವಾಗಿಲ್ಲ, ಹುಲ್ಲು ಅಂದ್ರಲ್ಲ, ಕಸ ಅನ್ನಲಿಲ್ಲವಲ್ಲ ಎಂದು ನಕ್ಕಿದ್ದರು. ಒಂದೇ ಕೋಣೆ, ಎದುರುಬದುರು ಮೇಜು, ಒಂದೇ ಫೈಲು, ಅದು ಅವರ ಹಟ, ನಿಮ್ಮ ಹತ್ರ ಒಂದು ನನ್ನ ಹತ್ರ ಒಂದು ಇದ್ರೆ ಆಮೇಲೆ ಯಾವುದು ನಿಜ ಅಂತ ನಾವೇ ಕಿತ್ತಾಡಬೇಕಾಗುತ್ತೆ. ಅವರು ತೆರೆದಿದ್ದರೆ ಅವಳ ತೆರೆಯ ಮೇಲೆ ಈ ಸೂಚನೆಯ ಪೆಟ್ಟಿಗೆ ಬರುತ್ತಿತ್ತು, ಮುಗೀತಾ ಮೇಷ್ಟ್ರೇ, ಇನ್ನೊಂದು ನಿಮಿಷ ಮೇಡಂ, ಮುಗೀತಾ, ಅಯ್ಯೋ ಬೆಂಕಿ ಬಿದ್ದಿದೆಯಾ ಮೇಡಂ. ಆ ಒಂದು ನಿಮಿಷ ಯಾಕೆ ಅಷ್ಟು ಉದ್ದವೆಂದು ಅವಳಿಗೆ ಗೊತ್ತಿತ್ತು, ಅವರು ಒಂದೇ ಬೆರಳಲ್ಲಿ ಟೈಪು ಮಾಡುವವರು, ಬಲಗೈಯ ತೋರುಬೆರಳು, ಉಗುರಿನ ಸಂದಿಯಲ್ಲಿ ಸದಾ ಒಂದಿಷ್ಟು ಮಣ್ಣು, ಒಂದು ಪದವಾದ ಮೇಲೆ ಆ ಬೆರಳು ಮೇಲೆದ್ದು ಗಾಳಿಯಲ್ಲಿ ನಿಲ್ಲುತ್ತಿತ್ತು, ಮುಂದಿನ ಪದ ಸಿಗುವವರೆಗೆ ಇಳಿಯುತ್ತಿರಲಿಲ್ಲ, ನೋಡುತ್ತ ಕೂತವರಿಗೆ ಇಳಿಸಿ ಮಾರಾಯರೇ ಅನ್ನಿಸುವಷ್ಟು ಹೊತ್ತು. ಮನೆಯಿಂದಲೂ ತೆರೆಯಬಹುದು ಮೇಷ್ಟ್ರೇ, ಕಲಿಸಿಕೊಡ್ತೀನಿ ಎಂದರೆ, ಬೇಡಪ್ಪ, ಹುಲ್ಲಿನ ಸಹವಾಸ ಇಲ್ಲೇ ಇರಲಿ ಎನ್ನುತ್ತಿದ್ದರು. ಅದಕ್ಕೇ ಅವರ ಕಂಪ್ಯೂಟರು ಎಂದೂ ಆರಿಲ್ಲ, ಸಂಜೆ ತೆರೆಯನ್ನಷ್ಟೇ ಕತ್ತಲು ಮಾಡಿ, ಫೈಲು ತೆರೆದಿದ್ದ ಹಾಗೇ ಬಿಟ್ಟು, ಚೀಲ ಹೆಗಲಿಗೇರಿಸಿ ಹೋಗುವುದು, ಬೆಳಿಗ್ಗೆ ಬಂದು ಅದೇ ಸಾಲಿನಿಂದ ಮುಂದುವರಿಸುವುದು. ಅವಳು ಮಂಡಿ ಕಟ್ಟಿಸಿಕೊಂಡು ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ಒಂದು ಸಂಜೆ ಹಾಗೆಯೇ ಹೋದರು, ಮನೆ ಸೇರಿ ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಕೋಣೆಗೆ ಬೀಗ ಬಿತ್ತು, ಒಳಗೆ ಅವರ ಕಂಪ್ಯೂಟರು ಇನ್ನೂ ಉರಿಯುತ್ತಿದೆ, ಯಾರಿಗೂ ಗೊತ್ತಿಲ್ಲ, ಸಾವಿನ ಸುದ್ದಿ ಪಿಂಚಣಿ ವಿಭಾಗಕ್ಕೆ ಹೋಗಿದೆ, ಗ್ರಂಥಾಲಯಕ್ಕೆ ಹೋಗಿದೆ, ಕಂಪ್ಯೂಟರಿನವರಿಗೆ ಹೇಳಬೇಕೆಂದು ಯಾರಿಗೆ ಹೊಳೆಯಬೇಕು. ಅವಳಿಗೆ ಹೊಳೆದಿತ್ತು, ಹೇಳಲಿಲ್ಲ. ಅವರು ಇನ್ನೂ ಕೂತು ಕೆಲಸ ಮಾಡುತ್ತಿದ್ದಾರೆನ್ನುವುದು ಇಡೀ ಊರಿನಲ್ಲಿ ಈ ಪೆಟ್ಟಿಗೆಯೊಂದೇ. ಅವರ ಮನೆಗೆ ಮಾತಾಡಿಸಲು ಹೋದಾಗ, ಊರುಗೋಲು ಹಿಡಿದು, ತಂಗಿಯ ಹೆಗಲು ಹಿಡಿದು, ಹೆಂಡತಿ, ಪಾಪ, ಅತ್ತು ಅತ್ತು ಕಣ್ಣು ಬಾತಿತ್ತು, ನೀವು ಅವರ ಆಫೀಸಿನವರಾ ಎಂದು ಕೇಳಿದರು, ಹೌದಮ್ಮ, ಅದೇ ಕೋಣೆಯವಳು, ಓ ಎಂದು ಪಕ್ಕದವರ ಕಡೆ ತಿರುಗಿದರು. ತಪ್ಪೇನಿಲ್ಲ. ಗಂಡ ಹೋದರೆ ಅಳುವುದಕ್ಕೊಂದು ಜಾಗ ಇದೆ, ಅಣ್ಣ ಹೋದರೆ, ಭಾವ ಹೋದರೆ, ದೂರದ ಚಿಕ್ಕಪ್ಪ ಹೋದರೂ ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ, ಎದುರು ಮೇಜಿನವರು ಹೋದರೆ ಏನು, ಯಾರು ಬಂದು ಏನಂತ ಹೇಳಬೇಕು. ಅಂಥದ್ದೇನೂ ಇರಲಿಲ್ಲ ಅವರಿಬ್ಬರ ನಡುವೆ, ಇದ್ದಿದ್ದರೆ ಅದಕ್ಕೊಂದು ಹೆಸರಾದರೂ ಇರುತ್ತಿತ್ತು, ಇದ್ದದ್ದು ಬರೀ ದಿನಗಳು, ಬೆಳಿಗ್ಗೆಯಿಂದ ಸಂಜೆಯವರೆಗಿನ ದಿನಗಳು, ಅಷ್ಟು ದಿನಗಳನ್ನು ಅವಳು ಬೇರೆ ಯಾರ ಎದುರೂ ಕೂತು ಕಳೆದಿಲ್ಲ. ಬಹಳ ನೆನಪಾಗುತ್ತಾರೆ, ಅಷ್ಟೇ, ಅದನ್ನು ಗೋಡೆಗೆ ಹೇಳಬಹುದು, ಯಂತ್ರಕ್ಕೆ ಹೇಳಬಹುದು, ಅದು ಈಗ ಸುಮ್ಮನಾಗಿದೆ, ಬಟ್ಟೆ ತೆಗೆದು ಹರವಬೇಕು, ಏಳಬೇಕು, ತಲೆಯಲ್ಲಿ ಮತ್ತೆ ಅವರ ಆ ಎರಡು ಸಾಲು. ಅವರು ಹೋದ ದಿನ ಮಧ್ಯಾಹ್ನವಷ್ಟೇ ಫೋನು ಮಾಡಿದ್ದರು, ನಮ್ಮ ಚರಂಡಿ ಹುಲ್ಲಿಗೆ ಎರಡು ಸಾಲು ಸೇರಿಸ್ತಾ ಇದ್ದೀನಿ ಮೇಡಂ, ಸಂಜೆಯೊಳಗೆ ಆಗುತ್ತೆ, ನಾಳೆ ನೋಡಿ, ನಗಬೇಡಿ. ಕಟ್ಟಡದ ಹಿಂದಿನ ಚರಂಡಿಯ ಪಕ್ಕ ಅವಳೇ ಕಂಡುಹಿಡಿದ ಹುಲ್ಲು, ಅದು ಬೇರೆಯೇ ಜಾತಿ ಎಂದು ಅವಳು, ಅಲ್ಲವೇ ಅಲ್ಲ, ನೀರು ಜಾಸ್ತಿಯಾಗಿ ಕೊಬ್ಬಿದೆ ಎಂದು ಅವರು, ವರ್ಷಗಟ್ಟಲೆ ಜಗಳ, ಗೆಣ್ಣಿನ ಮೇಲೆ ರೋಮ ನೋಡಿ ಮೇಷ್ಟ್ರೇ, ನನ್ನ ಕಿವಿ ಮೇಲೂ ಇದೆ ಮೇಡಂ, ನಾನು ಬೇರೆ ಜಾತಿಯಾ. ಆ ಸಾಲುಗಳನ್ನು ಬರೆದರೋ, ಬರೆದು ಉಳಿಸಿದರೋ, ಉಳಿಸದೆ ತೆರೆ ಕತ್ತಲು ಮಾಡಿ ಹೊರಟರೋ. ಓದಲು ಮಾತ್ರ ಎಂದು ತೆರೆದರೆ ಹಳೆಯದಷ್ಟೇ ಕಾಣುತ್ತದೆ, ಚರಂಡಿ ಪಕ್ಕದ ತೇವದಲ್ಲಿ ಬೆಳೆಯುತ್ತದೆ, ಅಲ್ಲಿಗೆ ನಿಂತಿದೆ, ಉಳಿಸಿರದ ಮಾತು ಆ ಬೀಗದ ಕೋಣೆಯೊಳಗೆ, ಆ ಯಂತ್ರದೊಳಗೆ ಮಾತ್ರ ಇದ್ದೀತು, ಕೋಣೆಯೊಳಗೆ ಯಾರೋ ಬೆರಳೆತ್ತಿ ಕೂತಂತೆ.

ನಿನ್ನೆ ಮುಖ್ಯಸ್ಥರು, ಮೇಡಂ ಕೈಪಿಡಿ ಪ್ರೆಸ್ಸಿಗೆ ಹೋಗ್ಲೇಬೇಕು, ನಾಳೆ ಸಂಜೆಯೊಳಗೆ ಕಳಿಸಿ, ಮೇಷ್ಟ್ರ ನೆನಪಿಗಾದ್ರೂ. ಫೈಲು ತಿದ್ದೋಕೆ ಬಿಡ್ತಿಲ್ಲ ಸಾರ್, ಸಿಕ್ಕಿಕೊಂಡಿದೆ. ಅದೊಂದು ದೊಡ್ಡದಾ, ಕಂಪ್ಯೂಟರಿನವರಿಗೆ ಹೇಳ್ತೀನಿ ಬಿಡಿ. ಹೇಳಿಯೇಬಿಟ್ಟಿದ್ದಾರೆ, ಫೋನು ಈಗ ಬಡಿದುಕೊಳ್ಳುತ್ತಿದೆ, ಅದೇ ಸುರಂಗದ ಹುಡುಗಿ, ಚುರುಕು ದನಿ, ಹಿಂದೆ ಯಾರದೋ ಕೀಬೋರ್ಡಿನ ಟಪಟಪ, ನಮಸ್ತೆ ಮೇಡಂ, ನಿಮ್ಮ ಫೈಲ್ ಯಾರದೋ ಹೆಸರಲ್ಲಿ ಓಪನ್ ಇದೆ, ಹುಲ್ಲು — ಹುಲ್ಲುಮೇಷ್ಟ್ರು ಅಂತೆ, ಕಿಸಕ್ಕನೆ ನಕ್ಕು, ಸಾರಿ ಮೇಡಂ, ಇವರಿಗೆ ಒಂದು ಫೋನ್ ಮಾಡಿ ಮುಚ್ಚೋಕೆ ಹೇಳಿದ್ರೆ ಆಗಿಹೋಯ್ತು, ನಂಬರ್ ಇದೆಯಾ ನಿಮ್ಮ ಹತ್ರ? ಇದೆ, ಫೋನಿನಲ್ಲಿ ಇನ್ನೂ ಇದೆ, ಅಳಿಸಿಲ್ಲ. ಅವರು ಸಿಗಲ್ಲಮ್ಮ. ರಜದಲ್ಲಿದ್ದಾರಾ ಮೇಡಂ? ಹೂಂ. ಬಾಯಿಂದ ಜಾರಿತು, ಹೂಂ, ಅದೆಷ್ಟು ಸುಲಭವಾಗಿ ಬಂತು. ಹಾಗಾದ್ರೆ ನಾನು ಇಲ್ಲಿಂದ್ಲೇ ಕಟ್ ಮಾಡ್ತೀನಿ, ಆದ್ರೆ ಅವರು ಸೇವ್ ಮಾಡದೆ ಬಿಟ್ಟಿದ್ರೆ ಅದೆಲ್ಲ ಹೋಗುತ್ತೆ, ಆಮೇಲೆ ಬಂದು ನನ್ನ ಬೈಬಾರ್ದು. ಬೈಯಲ್ಲ ಅವರು. ತಡಿಯಮ್ಮ, ಒಂದು ನಿಮಿಷ, ಆ ಕೋಣೆಗೆ ಯಾರಾದ್ರೂ ಹೋಗಿ, ಅವರ ಕಂಪ್ಯೂಟರಲ್ಲೇ ತೆಗೆದು, ಸೇವ್ ಮಾಡೋಕಾಗಲ್ವಾ? ಆಗುತ್ತೆ ಮೇಡಂ, ಆದ್ರೆ ಪಾಸ್‌ವರ್ಡ್ ಬೇಕಲ್ಲ, ಬದಲಾಯಿಸಬೇಕಂದ್ರೆ ಅವರೇ ಕೇಳ್ಬೇಕು, ರೂಲ್ಸು, ರಜದಲ್ಲಿರೋರ ಮೆಷಿನ್ ನಾವು ಮುಟ್ಟೋ ಹಾಗಿಲ್ಲ. ಕೆಲಸ ಬಿಟ್ಟಿದ್ರೆ, ಇಲ್ಲ ಏನಾದ್ರೂ… ಹೋಗಿಬಿಟ್ಟಿದ್ರೆ ಮಾತು ಬೇರೆ, ನಿಮ್ಮ ಹೆಡ್ ಒಂದು ಮಾತು ಹೇಳಿದ್ರೆ ಈಗ್ಲೇ ನಾನೇ ಹೋಗಿ ತೆಗೀತೀನಿ, ಇದ್ದದ್ದು ಇದ್ದ ಹಾಗೇ ಸಿಗುತ್ತೆ. ಅವರು ರಜದಲ್ಲಿದ್ದಾರೆ ತಾನೆ?

ಈಗ ಹೇಳಬೇಕು, ಚಿಕ್ಕ ಮಾತು, ಎಲ್ಲರೂ ಎಲ್ಲರ ಬಗ್ಗೆ ಒಂದಲ್ಲ ಒಂದು ದಿನ ಹೇಳುವ ಮಾತು, ಅವರು ತೀರಿಕೊಂಡರಮ್ಮ, ಅಷ್ಟು ಹೇಳಿದರೆ ಎರಡು ಸಾಲು ಉಳಿದಾವು, ಹುಡುಗಿ ಮೆಟ್ಟಿಲು ಹತ್ತಿ ಬೀಗ ತೆಗೆಸಿ ಅವರ ಕುರ್ಚಿ ಸರಿಸಿ ಕೂತು, ಬೇಡ, ಕುರ್ಚಿ ಸರಿಸುವುದು ಬೇಡ, ಆದರೆ ಸಾಲುಗಳು, ಹೇಳೇ, ಬಾಯಿ ತೆಗಿ, ತುಟಿ ಬಂತು, ನಾಲಿಗೆ ಬಂತು, ಇದುವರೆಗೆ ಅವಳು ಆ ಮಾತನ್ನು ಯಾರಿಗೂ ಹೇಳಿಯೇ ಇಲ್ಲ, ಎಲ್ಲರೂ ಅವಳಿಗೆ ಹೇಳಿದವರೇ, ಹಲೋ ಮೇಡಂ, ಇದ್ದೀರಾ, ಲೈನಲ್ಲಿದ್ದೀರಾ? ಇದ್ದೀನಿ. ರಜದಲ್ಲೇ ಇದ್ದಾರಮ್ಮ. ಸರಿ ಮೇಡಂ, ಹಾಗಾದ್ರೆ ಅವರು ಬರೋವರೆಗೆ ಕಾಯ್ತೀರಾ, ಕಟ್ ಮಾಡ್ಲಾ? ಕಾಯುವುದಾದರೆ ಕಾಯಬಹುದಿತ್ತು, ಸಂಜೆ ಪ್ರೆಸ್ಸಿನವರು, ಮುಖ್ಯಸ್ಥರು, ಮೇಷ್ಟ್ರ ನೆನಪಿಗಾದರೂ. ಮಾಡಮ್ಮ. ಟಪ್ ಎಂದು ಒಂದು ಕೀಲಿ, ಅಷ್ಟೇ ಶಬ್ದ. ಆಯ್ತು ಮೇಡಂ, ಅವರು ಬಂದ್ಮೇಲೆ ಹೇಳಿ, ಹೋಗುವಾಗ ಫೈಲ್ ಮುಚ್ಚಿ ಹೋಗಬೇಕು ಅಂತ, ಎಲ್ಲರೂ ಹೀಗೇ ಮಾಡ್ತಾರೆ. ಹೇಳ್ತೀನಿ. ಥ್ಯಾಂಕ್ಸ್ ಕಣಮ್ಮ.

ಫೋನು ಕೆಳಗಿಟ್ಟಳೋ ಇಲ್ಲವೋ ತೆರೆಯ ಮೇಲೆ ಪೆಟ್ಟಿಗೆ, ಅವಳು ದಿನವೂ ಕೇಳಿಕೊಂಡದ್ದಕ್ಕೆ ಉತ್ತರ, ಹುಲ್ಲುಮೇಷ್ಟ್ರು ಮುಗಿಸಿದ್ದಾರೆ, ಈಗ ನೀವು ತಿದ್ದಬಹುದು. ಫೈಲು ಸಲೀಸಾಗಿ ತೆರೆದುಕೊಂಡಿತು, ಯಾರೂ ತಡೆಯಲಿಲ್ಲ, ಇಳಿಸುತ್ತ ಹೋದಳು, ಬೆಟ್ಟದ ಹುಲ್ಲು, ಕೆರೆಯಂಚಿನ ಹುಲ್ಲು, ಚರಂಡಿ ಪಕ್ಕದ ತೇವದಲ್ಲಿ ಬೆಳೆಯುತ್ತದೆ, ಅದರಾಚೆ ಖಾಲಿ, ಬಿಳಿ, ಇನ್ನೊಂದು ಸಲ ನೋಡಿದಳು, ಕೆಳಗೆ, ಮೇಲೆ, ಹಿಂದಿನ ಪುಟ, ಎಲ್ಲೂ ಇಲ್ಲ, ಹೋಯಿತು. ನೀವು ಹೇಳಿದ್ದೇ ಸರಿ ಎಂದು ಬರೆದಿದ್ದರೋ, ಮೇಡಂ ಒಪ್ಪದಿದ್ದರೂ ಇದು ಕೊಬ್ಬಿದ ಹುಲ್ಲೇ ಎಂದಿದ್ದರೋ, ಕಂಡುಹಿಡಿದವಳ ಹೆಸರು ಹಾಕಿದ್ದರೋ, ನಗಬೇಡಿ ಅಂದರಲ್ಲ, ನಗುವಂಥದ್ದೇನಿತ್ತು ಮೇಷ್ಟ್ರೇ, ಅಥವಾ ಇನ್ನೂ ಏನೂ ಬರೆದೇ ಇರಲಿಲ್ಲವೋ, ಪದ ಸಿಕ್ಕಿರಲಿಲ್ಲವೋ, ಗೊತ್ತಾಗುವುದಿಲ್ಲ, ಇನ್ನು ಎಂದಿಗೂ ಗೊತ್ತಾಗುವುದಿಲ್ಲ, ನಾನೇ ಕಟ್ ಮಾಡಿಸಿದೆ, ಒಂದು ಮಾತು ಆಡಲಾರದೆ. ಫೋನು ಮತ್ತೆ ಗುಂಯ್, ಮುಖ್ಯಸ್ಥರು, ಫೈಲು ಸಿಕ್ತಾ ಮೇಡಂ, ಸಿಕ್ಕಿತು ಎಂದು ಬರೆಯಬೇಕು, ಬಟ್ಟೆ ಹರವಬೇಕು, ಕಾಲು ಜೋಮು ಹಿಡಿದಿದೆ, ಎದುರಿಗೆ ಅವರ ಮೇಜು, ಎದುರಿಗೆ ಗೋಡೆ, ಎದುರಿಗೆ ಅವರ ಮೇಜು, ಉಗುರಿನ ಸಂದಿಯಲ್ಲಿ ಮಣ್ಣಿರುವ ಆ ಬೆರಳು, ಕೀಲಿಗಳ ಮೇಲೆ ಗಾಳಿಯಲ್ಲಿ, ಇಳಿಯುತ್ತದೆ, ಇನ್ನೇನು ಇಳಿಯುತ್ತದೆ, ಒಂದು ನಿಮಿಷ ಮೇಡಂ, ಆ ಬೆರಳು, ಇಳಿಯದೆ, ಎತ್ತಿದ ಹಾಗೇ,