ಹಿಂಬದಿಯ ಗಾಜಿಗೊಂದು ತೂತು

ಪುಕ್ಕಟೆ ಬಂದ ಆ ಗಾಜಿನ ತೊಟ್ಟಿಯ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ಕೊಟ್ಟವನ ಮೇಲಂತೂ ಇಲ್ಲವೇ ಇಲ್ಲ.

ಪಕ್ಕದ ಮನೆಯ ಡೆಸ್ಮಂಡ್ ನನ್ನ ಮಗಳು ಟಿಲ್ಲಿಯ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕೋಡಂಗಿ ಮೀನುಗಳನ್ನು ತನಗೆ ಕೊಡಿ ಎಂದು ಎರಡು ಸಲ ಕೇಳಿದ್ದ. ಉಗುರಿನಷ್ಟಿದ್ದಾಗಿನಿಂದ ಅವಳು ಸಾಕಿದ ಜೋಡಿ ಅದು. ಈಗ ಕಲ್ಲಿನ ಮಗ್ಗುಲಲ್ಲಿ ಮೊಟ್ಟೆ ಇಡಲು ಶುರುಮಾಡಿತ್ತು. ಮೊಟ್ಟೆ ಇಡುವ ಜೋಡಿ ಇದ್ದವರನ್ನು ಕಡಲಂಚಿನ ನಮ್ಮ ಬೋವನ್ ಊರಿನ ಮೀನು ಸಾಕುವವರೆಲ್ಲ ಬೇರೆಯದೇ ಕಣ್ಣಿನಿಂದ ನೋಡುತ್ತಾರೆ. ಹಿಂದಿನ ದಿನ ನಮ್ಮ ಹಳೆಯ ತೊಟ್ಟಿಯ ಅಂಟು ಬಿಟ್ಟು ನೀರೆಲ್ಲ ನೆಲಕ್ಕೆ ಹರಿದಾಗ ಬೇಲಿಯಾಚೆಯಿಂದ ಮೊದಲು ಕೇಳಿಸಿದ್ದು ಡೆಸ್ಮಂಡನ ದನಿಯೇ.

"ನನ್ನ ಹತ್ರ ಒಂದು ತೊಟ್ಟಿ ಸುಮ್ನೆ ಬಿದ್ದಿದೆ, ತಗೊಂಡೋಗಮ್ಮ. ನೀರು ಕೆಳಗಿನ ಫಿಲ್ಟರಿಗೆ ಇಳಿಯೋಕೆ ಒಂದು ತೂತು ಕೊರ್ಕೊಂಡ್ರೆ ಆಯ್ತು."

ಮೀನುಗಳನ್ನು ಜಗಲಿಯಲ್ಲಿದ್ದ ಐಸ್ ಪೆಟ್ಟಿಗೆಗೆ ಹಾಕಿದ್ದೆವು. ಡಿಸೆಂಬರ್ ಅಂದರೆ ನಮ್ಮಲ್ಲಿ ನಡುಬೇಸಿಗೆ, ಪೆಟ್ಟಿಗೆಯ ನೀರು ಕಾಯುತ್ತಲೇ ಇತ್ತು. ಟಿಲ್ಲಿ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗಳನ್ನು ಒಂದಾದ ಮೇಲೊಂದು ತೇಲಿಬಿಡುತ್ತ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹೆಣ್ಣುಮೀನು ಆಗಲೇ ಮೂಲೆ ಸೇರಿ ಏದುಸಿರು ಬಿಡುತ್ತಿತ್ತು. ಈವತ್ತೇ ತೊಟ್ಟಿ ಸಿದ್ಧವಾಗಬೇಕು. ಇಲ್ಲದಿದ್ದರೆ ಒಂದೋ ಅವು ಸಾಯುತ್ತವೆ, ಇಲ್ಲವೇ ಡೆಸ್ಮಂಡನ ಪಾಲಾಗುತ್ತವೆ. ಇದು ನನಗೆ ಗೊತ್ತಿದ್ದಷ್ಟೇ ಅವನಿಗೂ ಗೊತ್ತಿತ್ತು.

"ಗಟ್ಟಿ ಮಾಡಿದ ಗಾಜಲ್ಲ ತಾನೇ?" ಆಸ್ಪತ್ರೆಯ ಅಡುಗೆಮನೆಯ ಪಾಳಿ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಡದೆ, ತೊಟ್ಟಿ ತಂದಿಳಿಸಿದ್ದ ಡೆಸ್ಮಂಡನನ್ನು ಕೇಳಿದೆ. ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ ಡ್ರಿಲ್ ಇಟ್ಟರೆ ಮುಗಿಯಿತು, ಇಡೀ ಹಲಗೆ ಕಲ್ಲುಸಕ್ಕರೆಯ ಹಾಗೆ ಉದುರಿಬೀಳುತ್ತದೆ.

"ಮಾಮೂಲಿ ಗಾಜು ಕಣಮ್ಮ. ಆರಾಮಾಗಿ ಕೊರಿ."

ಅವನ ಮಾತು ಯಾರಿಗೆ ಬೇಕು? ತಲೆಯ ಮೇಲೆ ಸಿಕ್ಕಿಸಿಕೊಂಡಿದ್ದ, ಗಾಳ ಹಾಕುವಾಗ ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕಪ್ಪು ಕನ್ನಡಕವನ್ನು ಕಣ್ಣಿಗಿಳಿಸಿ, ಲ್ಯಾಪ್‌ಟಾಪಿನ ಬಿಳಿ ಪರದೆಯನ್ನು ಟಿಲ್ಲಿಯ ಕೈಯಲ್ಲಿ ಗಾಜಿನ ಹಿಂದೆ ಹಿಡಿಸಿದೆ. ನಾಲ್ಕು ಗೋಡೆಗಳೂ ಸ್ವಚ್ಛವಾಗಿದ್ದವು. ತಳದಲ್ಲಿ ಮಾತ್ರ ಚಿರತೆಯ ಮೈಯ ಹಾಗೆ ಮಚ್ಚೆಗಳು ಎದ್ದವು. ಪರದೆಯ ಬೆಳಕಿಗೆ ಆ ಕನ್ನಡಕದಲ್ಲಿ ಮಾತ್ರ ಕಾಣುವ, ಗಟ್ಟಿ ಗಾಜಿನ ಗುರುತು.

"ಇದೇನು ಡೆಸ್? ತಳ ನೋಡು!"

"ಹೌದು, ತಳ ಗಟ್ಟಿ ಗಾಜೇ. ತಳಕ್ಕೆ ಯಾರಾದ್ರೂ ತೂತು ಹಾಕ್ತಾರಾ?"

"ಹಾಕೋರಿದ್ದಾರೆ."

"ಇದ್ದಾರೆ, ಬಿರುಗಾಳಿ ಕಾಣದ ಅಡಿಲೇಡಲ್ಲಿ! ಇಲ್ಲಿ ಬಿರುಗಾಳಿಗೆ ಕರೆಂಟು ಹೋಗಿ ಪಂಪು ನಿಂತ್ರೆ ತೊಟ್ಟಿ ನೀರೆಲ್ಲ ನಿನ್ನ ಮಂಚದ ಕೆಳಗಿರುತ್ತೆ. ನಮ್ಮೂರಲ್ಲಿ ತೂತು ಅಂದ್ರೆ ಹಿಂದೆ, ಮೇಲ್ಗಡೆ. ಇಲ್ಲೇ ಹುಟ್ಟಿ ಬೆಳ್ದೋಳಿಗೆ ಇದನ್ನೂ ಬಿಡಿಸಿ ಹೇಳ್ಬೇಕಾ?"

ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೇ ನನಗೆ ಇನ್ನಷ್ಟು ಸಂಶಯ ಬಂತು. ತೊಟ್ಟಿಯನ್ನು ದಪ್ಪ ಕಂಬಳಿಯ ಮೇಲೆ ಮುಖ ಅಡಿಯಾಗಿ ಮಲಗಿಸಿದೆವು. ಹಿಂಬದಿಯ ಗಾಜು ಮೇಲೆ ಬಂತು. ಗುರುತು ಮಾಡಿದ ಜಾಗದ ಸುತ್ತ ಟಿಲ್ಲಿಯ ಆಟದ ಜೇಡಿಯಿಂದ ಕಟ್ಟೆ ಕಟ್ಟಿ ನೀರು ತುಂಬಿದೆ. ಡೆಸ್ಮಂಡ್ ಡ್ರಿಲ್ಲಿಗೆ ಕೈಚಾಚಿದ.

"ನಾನೇ ಕೊರೀತೀನಿ," ಎಂದೆ.

"ಕೊರಿ ತಾಯಿ. ಒತ್ತಬೇಡ ಮಾತ್ರ. ಡ್ರಿಲ್ಲಿನ ತೂಕವೇ ಸಾಕು."

ವಜ್ರದ ಪುಡಿ ಹಚ್ಚಿದ ಬಳೆಯಂಥ ಡ್ರಿಲ್ಲಿನ ತುದಿ ಗಾಜನ್ನು ಸವೆಸುತ್ತ ಗುಂಯ್‌ಗುಟ್ಟಿತು. ನೀರು ಹಾಲಿನ ಹಾಗೆ ಬೆಳ್ಳಗಾಯಿತು. "ನಿಲ್ಸು, ನೀರು ಬದಲಾಯ್ಸು," ಎನ್ನುವನು. ಸ್ವಲ್ಪ ಹೊತ್ತಿಗೇ "ನಿಲ್ಸು, ಬಿಸಿ ಆಗಿರುತ್ತೆ," ಎನ್ನುವನು. ಪ್ರತಿ ಸಲ ನಿಲ್ಲಿಸಿದಾಗಲೂ ಅವನ ಕಣ್ಣು ಜಗಲಿಯ ಪೆಟ್ಟಿಗೆಯ ಕಡೆ ಹೋಗುತ್ತಿತ್ತು.

"ಹೊತ್ತು ಕಳೀತಿದೀಯಾ, ಡೆಸ್?"

"ಗಾಜಿಗೆ ಅವಸರ ಆಗಲ್ಲ ಕಣಮ್ಮ."

"ಅಮ್ಮಾ, ಬಾಟಲಿ ಐಸೆಲ್ಲಾ ಕರಗೋಯ್ತು!" ಟಿಲ್ಲಿ ಕೂಗಿದಳು.

ಕೊನೆಯ ಪದರ ಉಳಿದಿತ್ತು. ಅಷ್ಟರಲ್ಲಿ ಡೆಸ್ಮಂಡ್ ಹೆಗಲ ಮೇಲಿದ್ದ ಟವೆಲನ್ನು ಮಡಚಿ, ಮಲಗಿದ್ದ ತೊಟ್ಟಿಯ ಬಾಯಿಯೊಳಗೆ ಕೈ ತೂರಿಸಿ, ನಾನು ಕೊರೆಯುತ್ತಿದ್ದ ಜಾಗದ ನೇರ ಕೆಳಗೆ ಹಾಸಿದ. ಗುಪ್ಪೆಂದು ಮೂಗಿಗೆ ಬಡಿಯಿತು ಲ್ಯಾವೆಂಡರ್ ಪರಿಮಳ. ಬಟ್ಟೆ ಸೋಪು! ಸೋಪಿನ ಪಸೆ ತಾಗಿದ ತೊಟ್ಟಿಗೆ ಬಿಟ್ಟ ಮೀನು ಬದುಕೀತೇ? ಹುಡುಗರಿಗೂ ಗೊತ್ತಿರುವ ಮಾತು, ಇವನಿಗೆ ಗೊತ್ತಿಲ್ಲವೇ?

"ತೆಗಿ ಅದನ್ನ! ಸೋಪು ಹಾಕಿ ಒಗ್ದಿರೋದನ್ನ ತೊಟ್ಟಿಯೊಳಗೆ ಇಡ್ತೀಯಾ?"

"ಆಮೇಲೆ ತೊಳೀಬಹುದು, ಬಿಲ್ಲೆ ಬೀಳೋ ಹೊತ್ತು, ಬಿಡು ಅದನ್ನ..."

ನಾನು ಬಿಡಲಿಲ್ಲ. ಒಂದು ಕೈಯಲ್ಲಿ ಡ್ರಿಲ್ ಹಿಡಿದೇ ಇನ್ನೊಂದು ಕೈಯಿಂದ ಟವೆಲನ್ನು ಎಳೆದು ಅಂಗಳಕ್ಕೆ ಎಸೆದೆ. ಮರುಕ್ಷಣವೇ ಡ್ರಿಲ್ಲಿನ ತುದಿ ಗಾಜನ್ನು ದಾಟಿತು. ಕೊರೆದ ಬಿಲ್ಲೆ ಅಂಚು ಕೆಳಗಾಗಿ ಜಾರಿ ಮುಂಭಾಗದ ಗಾಜಿನ ಮೇಲೆ ಟಣ್ ಎಂದು ಬಿತ್ತು.

ಬಿರುಕು ಕೂದಲೆಳೆಯಂತೆ ಹುಟ್ಟಿ, ನಾವು ನೋಡುತ್ತಿದ್ದ ಹಾಗೆಯೇ ಮೂಲೆಯವರೆಗೆ ಹೋಯಿತು.

ತೂತು ಮಾತ್ರ ಎಷ್ಟು ಚಂದ ಬಂದಿತ್ತೆಂದರೆ, ಅಂಚಿನಲ್ಲಿ ಒಂದು ಚಕ್ಕೆಯೂ ಎದ್ದಿರಲಿಲ್ಲ.

ಡೆಸ್ಮಂಡ್ ನಕ್ಕನೇ ಎಂದು ನೋಡಿದೆ. ಇಲ್ಲ. ಬೇಜಾರಾಗಿದ್ದಾನೆಯೇ ಎಂದು ನೋಡಿದೆ. ಅದೂ ಗೊತ್ತಾಗಲಿಲ್ಲ.

"ಟಿಲ್ಲಿ, ಪೆಟ್ಟಿಗೆಯ ಆ ಕಡೆ ಹಿಡ್ಕೋ ಪುಟ್ಟ," ಎಂದ. "ನಮ್ಮನೆಗೆ ಹೋಗೋಣ."

ಟಿಲ್ಲಿ ನನ್ನ ಮುಖ ನೋಡಿದಳು. ಹೆಣ್ಣುಮೀನು ಒಂದು ಪಕ್ಕಕ್ಕೆ ವಾಲಿತ್ತು. ನಾನು ಹೂಂ ಎಂದು ತಲೆಯಾಡಿಸಿದೆ.

ಅವನ ಹಿಂಬದಿಯ ಕೋಣೆಯಲ್ಲಿ, ಫ್ಯಾನಿನ ಕೆಳಗೆ ಒಂದು ತೊಟ್ಟಿ ಇತ್ತು. ತುಂಬಿದ ತಿಳಿನೀರು, ಗುಳುಗುಳು ಗಾಳಿ, ಮಧ್ಯದಲ್ಲಿ ಚಪ್ಪಟೆ ಕಲ್ಲು. ಮೀನು ಒಂದೂ ಇರಲಿಲ್ಲ. ಟಿಲ್ಲಿ ಆ ನೀರನ್ನು ಲೋಟದಿಂದ ಸ್ವಲ್ಪಸ್ವಲ್ಪವೇ ಪೆಟ್ಟಿಗೆಗೆ ಸೇರಿಸಿ, ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಜೋಡಿಯನ್ನು ಅದಕ್ಕೆ ದಾಟಿಸಿದಳು. ಹೆಣ್ಣುಮೀನು ಬಾಗಿಬಾಗಿ ಕೆಳಗಿಳಿದು, ಕಲ್ಲಿನ ಪಕ್ಕ ನಿಂತು, ನೆಟ್ಟಗಾಯಿತು. ಮಗಳು ಅಳುತ್ತಲೇ ನಕ್ಕಳು.

"ಇದನ್ನ ಯಾವಾಗ ರೆಡಿ ಮಾಡ್ಕೊಂಡೆ?" ಕೇಳಿದೆ.

"ನಿನ್ನೆ."

"ನಿನ್ನೆಯೇ ಯಾಕೆ?"

"ಗಾಜು ಕೊರೀತಾರೆ ಅಂದ್ಮೇಲೆ ಇನ್ನೊಂದು ತೊಟ್ಟಿ ತುಂಬಿಸಿಟ್ಕೋಬೇಕಲ್ಲಮ್ಮ."

"ಬೇರೆ ತೊಟ್ಟಿ ಸಿಕ್ಕಿದ ಕೂಡ್ಲೇ ವಾಪಸ್ ತಗೊಂಡೋಗ್ತೀವಿ."

"ತಗೊಂಡೋಗು," ಎಂದು ಅವನು ಗಾಜಿಗೆ ಮುಖ ಹತ್ತಿರ ತಂದು ಬಗ್ಗಿದ. "ಅವಸರ ಏನೂ ಇಲ್ಲ."