ಗಾಲಿ ಬಿಚ್ಚಿದ ಮನೆ

ಮನೆಯ ಅಡಿಯಿಂದ ಕರ್ಟಿಸನ ಕಾಲುಗಳೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ಟಾರ್ಚು ಹಿಡಿದು ಬೆನ್ನ ಮೇಲೆ ತೆವಳುತ್ತ ಒಳಗೆ ಹೋಗಿದ್ದವನು ಆಗೀಗ ಸುತ್ತಿಗೆಯಿಂದ ಕಬ್ಬಿಣಕ್ಕೆ ಬಡಿಯುತ್ತಿದ್ದ. ಮೊದಲು ಒಂದೆರಡು ಕಡೆ ಟಣ್ ಎಂದಿತು. ಆಮೇಲೆ ಬಡಿದಲ್ಲೆಲ್ಲ ಡಬ್ ಡಬ್ ಎಂದು ಒದ್ದೆ ಹಲಗೆಯ ಸದ್ದು. ಬಿಸಿಲಿನಲ್ಲಿ ನಿಂತಿದ್ದ ವೆರ್ಲಾಗೆ ಅವನು ಹೊರಗೆ ಬಂದು ಏನು ಹೇಳುತ್ತಾನೆಂಬುದು ಅಷ್ಟರಲ್ಲೇ ಗೊತ್ತಾಗಿಹೋಯಿತು.

"ಯಾರೇ ಅದು ಕೆಳಗೆ?" ಒಳಗಿನಿಂದ ಗಂಡ ಎಲ್ಡನ್ ಕೂಗಿದ. ಕೂಗಿದ್ದಕ್ಕೇ ಕೆಮ್ಮು ಹತ್ತಿತು.

"ಗೆದ್ದಲು ನೋಡೋಕೆ ಬಂದಿದಾನೆ. ನೀನು ಮಲಕೋ."

"ಕಬ್ಬಿಣದ ಮನೆಗೆ ಗೆದ್ದಲಾ?"

"ನೆಲ ಹಲಗೇದಲ್ವಾ? ಸುಮ್ನೆ ಮಲಕೋ ಅಂದ್ರೆ!"

ಕರ್ಟಿಸ್ ಮೈಯೆಲ್ಲ ಮರಳು ಮಾಡಿಕೊಂಡು ಎದ್ದು ಬಂದ. ಟ್ರೇಲರ್ ಮನೆಗಳನ್ನು ಲಾರಿಗೆ ಕಟ್ಟಿ ಒಂದೂರಿಂದ ಇನ್ನೊಂದೂರಿಗೆ ಎಳೆದುಕೊಂಡು ಹೋಗುವುದು ಅವನ ಕೆಲಸ. ಟೋಪಿ ತೆಗೆದು ಬೆವರು ಒರೆಸಿಕೊಂಡ.

"ಮೇಡಂ, ಗಾಲಿ ಇಲ್ಲ ಅಂತ ಫೋನಲ್ಲಿ ಹೇಳಿದ್ರಿ ಸರಿ. ಅಚ್ಚೂ ಇಲ್ವಲ್ಲ."

"ಹೊಸದು ಹಾಕೋಕೆ ಆಗಲ್ವಾ?"

"ಹಾಕೋಕೆ ಕೆಳಗೆ ಏನಾದ್ರೂ ಗಟ್ಟಿ ಇರಬೇಕಲ್ಲ. ನಿಮ್ಮ ಕೂಲರ್ ನೀರು ಎಷ್ಟು ವರ್ಷದಿಂದ ತೊಟ್ಟಿಕ್ತಾ ಇದೆಯೋ, ಅಡಿಗಟ್ಟೆಲ್ಲ ತುಕ್ಕು ತಿಂದು ಹಪ್ಪಳ ಆಗಿದೆ. ಎತ್ತಿದ್ರೆ ಸೊಂಟದ ಹತ್ರ ಎರಡು ತುಂಡಾಗತ್ತೆ. ರಸ್ತೆ ಮೇಲೆ ಮನೆ ಬೀಳತ್ತೆ, ಅದರ ಹಿಂದೆ ನನ್ನ ಲೈಸೆನ್ಸೂ ಬೀಳತ್ತೆ." ಟೋಪಿ ಮತ್ತೆ ಹಾಕಿಕೊಂಡು ಕೇಳಿದ, "ಅಚ್ಚು ಏನು ಮಾಡಿದ್ರಿ? ಮಾರಿದ್ರಾ?"

ವೆರ್ಲಾ ಗಲ್ಲವೆತ್ತಿ ಹೊಳೆಯ ಕಡೆ ತೋರಿಸಿದಳು. "ಅಲ್ಲಿದೆ. ನೀರಲ್ಲಿ."

ಕರ್ಟಿಸನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ನೀರಲ್ಲಿ ಯಾಕೆ?"

"ನೀನು ಈ ಊರೋನಲ್ಲ, ಬಿಡು."

ಮರುಭೂಮಿಯಲ್ಲಿ ಜೂಜಿನ ಮನೆ ಕಟ್ಟುವುದು ಕಷ್ಟವಲ್ಲ, ಅದರಲ್ಲಿ ದುಡಿಯುವವರನ್ನು ಉಳಿಸಿಕೊಳ್ಳುವುದು ಕಷ್ಟ. ಕ್ಲೈಡ್ ಬಾಸ್ಕಮ್ ಕೊಲರಾಡೊ ಹೊಳೆಯ ನೆವಾಡಾ ದಂಡೆಗೆ ಬಂದಾಗ ಇಲ್ಲಿದ್ದದ್ದು ಮೀನಿನ ಎರೆ ಮಾರುವ ಒಂದು ಅಂಗಡಿ, ಅದರ ಮುಂದೊಂದು ಪೆಟ್ರೋಲ್ ಪಂಪು. ಅಂಗಡಿಯಲ್ಲಿ ಎರಡು ಜೂಜಿನ ಯಂತ್ರ ಇಟ್ಟ. ಆಮೇಲೆ ಹತ್ತು ಇಟ್ಟ. ಅದಾದ ಮೇಲೆ ಹೋಟೆಲೆದ್ದಿತು, ಊರೆದ್ದಿತು, ಊರಿಗೆ ಅವನ ಹೆಸರೇ ಬಂತು. ಆದರೆ ಚಳಿಗಾಲದಲ್ಲಿ ಟ್ರೇಲರ್ ಎಳೆದುಕೊಂಡು ಕೆಲಸಕ್ಕೆ ಬಂದವರು ಮೊದಲ ಬೇಸಿಗೆಗೇ ಕಾಲು ಕೀಳುತ್ತಿದ್ದರು. ಅವರನ್ನಾದರೂ ಹೇಗೆ ದೂರುವುದು? ಜೂನ್ ತಿಂಗಳಲ್ಲಿ ಇಲ್ಲಿ ಬಾಗಿಲ ಹಿಡಿ ಮುಟ್ಟಿದರೆ ಅಂಗೈ ಬೊಬ್ಬೆ ಏಳುತ್ತದೆ.

ಅದಕ್ಕೇ ಬಾಸ್ಕಮ್ ಒಂದು ಉಪಾಯ ಮಾಡಿದ. ಹೊಳೆದಂಡೆಯ ಒಳ್ಳೇ ಜಾಗವನ್ನು ಕೆಲಸಗಾರರ ಟ್ರೇಲರುಗಳಿಗೆ ಬಿಟ್ಟುಕೊಟ್ಟ. ಯಾರು ಇಲ್ಲೇ ಬೇರುಬಿಡುತ್ತೇನೆ ಎನ್ನುತ್ತಾರೋ ಅವರ ಮನೆಯ ಗಾಲಿ ಬಿಚ್ಚಲು ತಾನೇ ಬರುತ್ತಿದ್ದ. ಕೋಟು ಕಳಚಿ ಮನೆಯಡಿಗೆ ನುಸುಳಿ ಕೊನೆಯ ಬೋಲ್ಟನ್ನು ತನ್ನ ಕೈಯಾರೆ ತೆಗೆದು, ಎದ್ದು ಬಂದು, "ಇನ್ನು ಈ ಮನೇನ ಯಾರೂ ಅಲ್ಲಾಡ್ಸಂಗಿಲ್ಲ. ನನ್ನ ಮಾತು," ಎನ್ನುತ್ತಿದ್ದ. ಆಮೇಲೆ ಗಾಲಿ, ಅಚ್ಚು ಎಲ್ಲವನ್ನೂ ದೋಣಿಗೆ ಹಾಕಿಕೊಂಡು ನಡುಹೊಳೆಯಲ್ಲಿ ಉರುಳಿಸಿ ಬರುವುದು. ದಂಡೆಯಲ್ಲಿ ಇಡೀ ಹಂದಿ ಸುಡುತ್ತಿದ್ದರು. ಕಾಗದವಿಲ್ಲ, ಸಹಿಯಿಲ್ಲ. ಬಾಸ್ಕಮನ ಬಾಯಿಂದ ಬಂದರೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಎಂದು ಊರೇ ಹೇಳುತ್ತಿತ್ತು.

ಆ ದೋಣಿ ಎಲ್ಡನ್‌ನದು. ಆಚೆ ದಂಡೆಯ ಅರಿಝೋನಾದಿಂದ ಜೂಜಾಡಲು ಬರುವವರನ್ನು ದಾಟಿಸುವ ಅಂಬಿಗ ಅವನು. ಊರವರ ಗಾಲಿಗಳನ್ನೆಲ್ಲ ಮುಳುಗಿಸಿದವನು ತನ್ನ ಮನೆಯ ಗಾಲಿ ಮುಳುಗಿಸಲು ಮಾತ್ರ ಬಹಳ ವರ್ಷ ಕಾಯಬೇಕಾಯಿತು. ವೆರ್ಲಾ ಒಪ್ಪಿರಲಿಲ್ಲ. ಹತ್ತಿ ಬಿಡಿಸುತ್ತ ಊರೂರು ಅಲೆದ ಅಪ್ಪನ ಮಗಳು ಅವಳು. ಗಾಲಿ ಇದ್ದರೆ ಹೊಟ್ಟೆಪಾಡು ಎಂದು ನಂಬಿ ಬೆಳೆದವಳು. ಬಾಸ್ಕಮನ ಕೆಸಿನೊದಲ್ಲಿ ಇಸ್ಪೀಟು ಹಂಚುತ್ತ ಅವಳ ಕೂದಲು ನೆರೆಯಿತು. ಸೇತುವೆ ಬಂದು ದೋಣಿ ನಿಂತಿತು. ಎಲ್ಡನ್ ಕೆಲಸವಿಲ್ಲದೆ ಹೊಳೆ ನೋಡುತ್ತ ಕೂತುಬಿಟ್ಟಾಗ ಅವನ ಮುಖ ನೋಡಲಾರದೆ ಕಡೆಗೆ ಹೂಂ ಅಂದಳು. ಊರಿನಲ್ಲಿ ಕೊನೆಯದಾಗಿ ಗಾಲಿ ಬಿಚ್ಚಿದ ಮನೆ ಅವರದು.

ಬಾಸ್ಕಮ್ ಸತ್ತು ವರ್ಷವಾಗುತ್ತ ಬಂದಿತ್ತು. ಹೊಳೆದಂಡೆ ಈಗ ಯಾವುದೋ ಕಂಪನಿಯದು. ಎಳೆಯಲು ಬರುವ ಮನೆಗಳನ್ನು ಕಂಪನಿಯವರೇ ಗುಡ್ಡದಾಚೆಗೆ ಸಾಗಿಸಿ ಕೊಡುತ್ತಾರಂತೆ, ಎಳೆಯಲಾಗದವನ್ನು ಸೆಪ್ಟೆಂಬರಿನಲ್ಲಿ ಒಡೆಯುತ್ತಾರಂತೆ. ಗಾಲಿ ಬಿಚ್ಚದವರು ಬದುಕಿಕೊಂಡರು. ಬಾಸ್ಕಮನನ್ನು ನಂಬಿದವರು ಕೆಟ್ಟರು.

ಕರ್ಟಿಸ್ ಹೋದ ಮೇಲೆ ಪಕ್ಕದ ಮನೆಯ ಎಸ್ತೆಲಾ ಬೇಲಿಯ ಹತ್ತಿರ ಬಂದಳು. ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಬದಲಾಯಿಸುವ ಕೆಲಸ ಅವಳದು. ಗಾಲಿ ಬಿಚ್ಚದಿದ್ದಕ್ಕೆ ಇಪ್ಪತ್ತು ವರ್ಷ ಊರವರಿಂದ "ಓಡಿಹೋಗೋಳು" ಎನಿಸಿಕೊಂಡವಳು. ಅವಳ ಮನೆಗೆ ಆಗಲೇ ಲಾರಿ ಕಟ್ಟಿದ್ದರು.

"ಏನಂದ?"

"ಹಪ್ಪಳ ಅಂದ."

ಎಸ್ತೆಲಾ ಬಾಯಿಗೆ ಕೈ ಅಡ್ಡ ಹಿಡಿದಳು. "ನಾನು ಹೇಳ್ದೆ ನಿಂಗೆ. ಆವತ್ತೇ ಹೇಳ್ದೆ. ಗಂಡ ಅಂದ್ಮೇಲೆ ಅಳ್ತಾನೆ, ಕೂಗ್ತಾನೆ, ಗಾಲಿ ಮಾತ್ರ ಕೊಡಬೇಡ ಅಂತ."

"ನೀನು ಆವತ್ತು ಹಂದಿ ಮಾಂಸ ಎರಡು ಸಲ ಹಾಕಿಸ್ಕೊಂಡು ತಿಂದೆ, ಅಷ್ಟೇ ನೆನಪಿರೋದು ನಂಗೆ."

"ತಿನ್ನದೆ ಏನು? ಹಂದೀದೇನು ತಪ್ಪು?" ಎನ್ನುತ್ತ ಎಸ್ತೆಲಾ ನಗಲು ಹೋಗಿ ಕಣ್ಣು ಒರೆಸಿಕೊಂಡಳು. "ಎಲ್ಡನ್‌ಗೆ ಹೇಳಿದ್ಯಾ?"

"ಏನಂತ ಹೇಳ್ಲಿ? ಗಾಲಿ ಬಿಚ್ಚಿದ ಮನೆ ಮುಟ್ಟಲ್ಲ, ಬಾಸ್ಕಮ್ ಮುದುಕ ಮಾತು ಕೊಟ್ಟಿದಾನೆ ಅಂತಾನೇ ಇದಾನೆ. ನೀವೆಲ್ಲ ಹೋಗ್ತಿರೋದು ನೋಡಿ, ಹೇಡಿಗಳು ಅಂತ ಬೈತಾನೆ."

"ಬಾಸ್ಕಮನ ಮಗಳನ್ನ ಕೇಳು. ನೊರೀನ್ ಬಂದಿದಾಳೆ, ಅಪ್ಪನ ಸಾಮಾನು ಜೋಡಿಸ್ತಾ ಕೂತಿದಾಳೆ. ನೀನು ಕೇಳಿದ್ರೆ ಇಲ್ಲ ಅನ್ನಲ್ಲ."

ವೆರ್ಲಾ ಕೇಳಬೇಕಾದದ್ದು ದೊಡ್ಡದೇನಲ್ಲ. ಎಲ್ಡನ್‌ನ ಶ್ವಾಸಕೋಶ ಮುಗಿದಿದೆ, ಚಳಿಗಾಲ ಕಾಣುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಅವನು ಕೇಳಿಕೊಂಡದ್ದು ಒಂದೇ. ತಾನು ಸಾಯುವಾಗ ಕಿಟಕಿಯಲ್ಲಿ ಹೊಳೆ ಕಾಣಬೇಕು. ಅಷ್ಟು ದಿನ ಮನೆ ನಿಂತಿದ್ದರೆ ಸಾಕಿತ್ತು. ಆಮೇಲೆ ಒಡೆದರೂ ಸರಿ, ಸುಟ್ಟರೂ ಸರಿ.

ಕೆಸಿನೊದ ಮುಂಭಾಗದಲ್ಲಿ ಬಾಸ್ಕಮನ ನೆನಪಿನ ಕೋಣೆ ತಯಾರಾಗುತ್ತಿತ್ತು. ಎರೆ ಅಂಗಡಿಯ ತಕ್ಕಡಿ, ಬೂಟು, ಹ್ಯಾಟು, ಎಲ್ಲಕ್ಕೂ ಗಾಜಿನ ಪೆಟ್ಟಿಗೆ. ಗೋಡೆಯ ಮೇಲೆ ದೊಡ್ಡ ಪಟ: ಯಾರದೋ ಮನೆಯಡಿಯಿಂದ ಎದ್ದು ಬಂದ ಬಾಸ್ಕಮ್ ಸ್ಪ್ಯಾನರ್ ಎತ್ತಿ ಹಿಡಿದು ನಗುತ್ತಿದ್ದಾನೆ. ಕೆಳಗೆ "ಮಾತಿನ ಮನುಷ್ಯ" ಎಂದು ಚಿನ್ನದ ಅಕ್ಷರ. ನೊರೀನ್ ಮೇಜಿನ ಮೇಲೆ ಹತ್ತಿ ಪಟದ ಓರೆ ಸರಿಮಾಡಿಸುತ್ತಿದ್ದವಳು ವೆರ್ಲಾಳನ್ನು ಕಂಡು ಇಳಿದು ಬಂದು ತಬ್ಬಿಕೊಂಡಳು. ಹುಡುಗಿಯಾಗಿದ್ದಾಗ ಒಂದು ರಜೆಯಲ್ಲಿ ಅವಳಿಗೆ ಇಸ್ಪೀಟು ಕಲೆಸಲು ಕಲಿಸಿದ್ದು ವೆರ್ಲಾಳೇ.

"ನಿಮ್ಮಪ್ಪ ಮಾತು ಕೊಟ್ಟಿದ್ರು ನೊರೀನ್," ವೆರ್ಲಾ ಸುತ್ತಿ ಬಳಸಿ ಮಾತಾಡಲಿಲ್ಲ. "ನಮ್ಮನೇನ ಯಾರೂ ಅಲ್ಲಾಡ್ಸಂಗಿಲ್ಲ ಅಂದಿದ್ರು. ನೀನು ಹೆಂಗೆ ಮಾರ್ದೆ?"

ನೊರೀನ್‌ಳ ಮುಖ ಸಣ್ಣದಾಯಿತು. ಕೆಲಸದವರನ್ನು ಆಚೆ ಕಳಿಸಿದಳು.

"ನಾನು ಮಾರ್ಲಿಲ್ಲ ವೆರ್ಲಾ. ಅಪ್ಪಾನೇ ಮಾರಿದ್ದು. ಅವರಿಗೆ ಹಾರ್ಟ್ ಆಪರೇಷನ್ ಆಯ್ತಲ್ಲ, ಆ ವರ್ಷ. ಎದ್ದು ಓಡಾಡೋ ಹಾಗಾದ ಕೂಡ್ಲೆ ಮಾಡಿದ ಮೊದಲನೇ ಕೆಲಸ ಅದು. ತಾವು ಬದುಕಿರೋ ತನಕ ಯಾರನ್ನೂ ಎಬ್ಬಿಸ್ಬಾರ್ದು, ಯಾರಿಗೂ ಹೇಳ್ಬಾರ್ದು ಅಂತ ಒಂದೇ ಕಂಡೀಷನ್ ಹಾಕಿದ್ರು."

"ಯಾಕಂತೆ?"

"ಯಾರಾದ್ರೂ ಅಳೋದನ್ನ ಅವರ ಕೈಲಿ ನೋಡೋಕಾಗ್ತಿರ್ಲಿಲ್ಲ. ನಿಮಗೇ ಗೊತ್ತಲ್ಲ."

ವೆರ್ಲಾಗೆ ಗೊತ್ತಿತ್ತು. ಜೂಜಿನ ಮೇಜಿನಲ್ಲಿ ಯಾರಾದರೂ ಕೈಯಲ್ಲಿದ್ದದ್ದೆಲ್ಲ ಕಳೆದುಕೊಂಡು ಅಳತೊಡಗಿದರೆ ಬಾಸ್ಕಮ್ ಹಿಂಬಾಗಿಲಿನಿಂದ ಎದ್ದು ಹೋಗಿಬಿಡುತ್ತಿದ್ದ. ಆಮೇಲೆ ಅಡುಗೆಮನೆಯಿಂದ ಆ ಗಿರಾಕಿಗೆ ಪುಕ್ಕಟೆ ಒಂದು ತಟ್ಟೆ ಮೊಟ್ಟೆ, ಮಾಂಸ ಬರುತ್ತಿತ್ತು. ಎಂಥ ಹೆಂಗರುಳು ಎಂದು ಜನ ಕೊಂಡಾಡುತ್ತಿದ್ದರು. ಅವಳೂ ಕೊಂಡಾಡಿದ್ದಳು.

ಆಪರೇಷನ್ ಆದದ್ದು ವಸಂತದಲ್ಲಿ. ವೆರ್ಲಾ ಮನೆಯ ಗಾಲಿ ಬಿಚ್ಚಿದ್ದು ಅದೇ ವರ್ಷದ ನವೆಂಬರಿನಲ್ಲಿ. ಆವತ್ತು ಮುದುಕನ ಕೈ ನಡುಗುತ್ತಿತ್ತು. ಪಾಪ, ಕಾಯಿಲೆಯಿಂದ ಎದ್ದು ಬಂದಿದ್ದಾನೆ, ಆದರೂ ಬಂದಿದ್ದಾನೆ ಎಂದು ಅವಳೇ ಅವನ ತೋಳು ಹಿಡಿದು ಎಬ್ಬಿಸಿದ್ದಳು. ಮಾರಿದ ನೆಲದ ಮೇಲೆ ಕೂತು ಬೋಲ್ಟು ಬಿಚ್ಚಿದ್ದ. ಬೇಡ ಕಣಮ್ಮಾ, ಗಾಲಿ ಇರಲಿ ಎಂದು ಒಂದು ಮಾತು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆದರೆ ಸತ್ತವನನ್ನು ಬೈದು ಏನು ಬಂತು? ಬೈಗುಳ ಕೇಳಿಸಿಕೊಳ್ಳುವ ಕಷ್ಟವನ್ನೂ ಅವನು ತಪ್ಪಿಸಿಕೊಂಡಿದ್ದ.

"ಚಳಿಗಾಲದ ತನಕ ಬಿಡೋಕೆ ಹೇಳು," ಅವಳ ಧ್ವನಿ ಇಳಿದುಹೋಗಿತ್ತು. "ಎಲ್ಡನ್ ಅಲ್ಲೀ ತನಕ ಇರಲ್ಲ. ಅವನು ಹೋದ ಮಾರನೇ ದಿನವೇ ನಾನು ಖಾಲಿ ಮಾಡ್ತೀನಿ."

"ಕೇಳ್ದೆ. ನಿಮ್ಮ ಹೆಸರೇ ಹೇಳಿ ಕೇಳ್ದೆ. ಅವರಿಗೆ ಸೆಪ್ಟೆಂಬರ್ ಅಂದ್ರೆ ಸೆಪ್ಟೆಂಬರ್. ನನ್ನ ಕೈಲಿ ಏನೂ ಇಲ್ಲ ವೆರ್ಲಾ." ನೊರೀನ್ ಕಣ್ಣು ತಪ್ಪಿಸಿದಳು. "ತಿಂಡಿ ಆಯ್ತಾ? ಒಳಗೆ ಹೇಳ್ತೀನಿ, ತಿಂದ್ಕೊಂಡು ಹೋಗಿ."

ಅಪ್ಪನ ಮಗಳೇ ಸರಿ. ವೆರ್ಲಾ ತಿನ್ನಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ, ಉರಿಬಿಸಿಲಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದಾಗ, ಸೆಪ್ಟೆಂಬರಿಗೆ ಮುಂಚೆ ಎಲ್ಡನ್ ಹೋಗಿಬಿಟ್ಟರೆ ಒಳ್ಳೆಯದು ಎಂಬ ಯೋಚನೆ ಅವಳಿಗೆ ಬಂತು. ಬಂದದ್ದನ್ನು ತಳ್ಳಿಹಾಕಲಿಲ್ಲ. ಹೇಗೂ ಹೋಗುವವನು. ಆಗಸ್ಟಿನಲ್ಲಿ ಹೋದರೆ ತನ್ನ ಹಾಸಿಗೆಯಲ್ಲಿ, ಹೊಳೆ ನೋಡುತ್ತ ಹೋಗುತ್ತಾನೆ. ದೇವರೇ, ಇಷ್ಟನ್ನಾದರೂ ಮಾಡು ಎಂದು ಕೇಳಿಕೊಂಡಳು. ಕೇಳಿಕೊಂಡ ಮೇಲೆ ನಾಲಿಗೆ ಕಹಿಯಾಯಿತು.

ಎಲ್ಡನ್ ಕಿಟಕಿಯ ಬಳಿ ಕೂತಿದ್ದ. ಮೂಗಿಗೆ ಆಮ್ಲಜನಕದ ನಳಿಗೆ. ಆಚೆ ಎಸ್ತೆಲಾಳ ಮನೆ ಇದ್ದ ಕಡೆ ಚೌಕದ ಬೋಳು ನೆಲ ಉಳಿದಿತ್ತು.

"ನೊರೀನ್ ಹತ್ರ ಹೋಗಿದ್ಯಂತೆ. ಎಸ್ತೆಲಾ ಹೊರಡೋಕೆ ಮುಂಚೆ ಹೇಳಿದ್ಲು. ಏನಂದ್ಲು?"

ಅವನ ಕಣ್ಣು ನೋಡಿ ವೆರ್ಲಾಗೆ ಒಂದು ಸಂಗತಿ ಗೊತ್ತಾಯಿತು. ಬಾಯಲ್ಲಿ ಏನೇ ಅಬ್ಬರಿಸಲಿ, ಇವನಿಗೂ ಅನುಮಾನವಿತ್ತು. ತಿಂಗಳುಗಟ್ಟಲೆ ಹೆದರಿಕೊಂಡೇ ಇದ್ದ.

"ಮಾತು ಮಾತೇ ಅಂದ್ಲು," ವೆರ್ಲಾ ಹೇಳಿದಳು. "ಗಾಲಿ ಬಿಚ್ಚಿದ ಮನೆ ಮುಟ್ಟಲ್ವಂತೆ. ಮುದುಕ ಎಲ್ಲ ಮೊದಲೇ ಕಟ್ಟುಮಾಡಿ ಹೋಗಿದ್ನಂತೆ."

"ನಾ ಹೇಳ್ಲಿಲ್ವಾ!" ಎಲ್ಡನ್ ತೊಡೆ ತಟ್ಟಿಕೊಂಡ. "ಹೇಳ್ಲಿಲ್ವಾ ನಾನು? ನೀನು ನಂಬ್ಲೇ ಇಲ್ಲ! ಹುಟ್ಟಾ ಅಲೆಮಾರಿ ನೀನು, ನಿಂಗೇನು ಗೊತ್ತು ಮನುಷ್ಯರ ಬೆಲೆ!"

"ಹೂಂ ಮಾರಾಯ. ನೀನೇ ಗೆದ್ದೆ."

ಸಂಜೆಗೆ ಮುಂಚೆ ಉಳಿದ ಗಾಲಿಯಿಲ್ಲದ ಮನೆಗಳ ಬಾಗಿಲಿಗೆಲ್ಲ ಹೋಗಿ, ಎಲ್ಡನ್‌ಗೆ ಏನೂ ಹೇಳಬೇಡಿ ಎಂದು ಬೇಡಿಕೊಂಡು ಬಂದಳು. ಅವರು ತಲೆಯಾಡಿಸಿದರು. ಎರಡು ತಿಂಗಳು ಬಚ್ಚಿಟ್ಟರೆ ಸಾಕಲ್ಲ ಎಂದು ಅವಳ ಎಣಿಕೆ.

ಆದರೆ ಎಲ್ಡನ್ ಆ ರಾತ್ರಿ ಕೆಮ್ಮದೆ ಮಲಗಿದ. ಬೆಳಗ್ಗೆ ಹಸಿವು ಎಂದ. ಒಂದು ವಾರ ಕಳೆಯುವಷ್ಟರಲ್ಲಿ ನಳಿಗೆ ಕಿತ್ತಿಟ್ಟು ಬಾಗಿಲ ತನಕ ನಡೆಯತೊಡಗಿದ, ಮತ್ತೆರಡು ವಾರಕ್ಕೆ ಜಗಲಿಗೆ ಬಂದು ಕೂತು, ಹೊಳೆಯಲ್ಲಿ ಹೋಗುವ ದೋಣಿಯವರನ್ನು ಬೈಯುವಷ್ಟು ಚೇತರಿಸಿಕೊಂಡ. ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಮತ್ತೊಮ್ಮೆ ಕೇಳಿ ಹುಬ್ಬೇರಿಸಿದರು. "ಏನು ಕೊಡ್ತಿದೀರಮ್ಮಾ ಇವರಿಗೆ? ಹೀಗೇ ಇದ್ರೆ ಚಳಿಗಾಲ ಏನು, ಮುಂದಿನ ಬೇಸಿಗೇನೂ ನೋಡ್ತಾರೆ." ಎಲ್ಡನ್ ಗೆದ್ದ ಹುಂಜದ ಹಾಗೆ ಹೆಂಡತಿಯ ಕಡೆ ನೋಡಿದ. ವೆರ್ಲಾ ನಕ್ಕಳು. ಮೂವತ್ತು ವರ್ಷ ಸೋತವರ ಮುಂದೆ ನಗುವ ಕೆಲಸವನ್ನೇ ಮಾಡಿದ್ದಳಲ್ಲ, ನಗು ಬಂತು.

ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅವಳು ಕೆಸಿನೊದ ರಾತ್ರಿಪಾಳಿ ಮುಗಿಸಿ ಬಂದಾಗ ಎಲ್ಡನ್ ಜಗಲಿಯ ಮೆಟ್ಟಿಲ ಬಳಿ ಮೊಣಕಾಲೂರಿ ಕೂತಿದ್ದ. ಎಸ್ತೆಲಾ ಬಿಟ್ಟುಹೋದ ಬೇಲಿಯಿಂದ ಹಲಗೆಯೊಂದನ್ನು ಕಿತ್ತು ತಂದಿದ್ದ. ಸವೆದ ಮೆಟ್ಟಿಲು ಆಗಲೇ ಕಳಚಿ ಬಿದ್ದಿತ್ತು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ. ಕಪ್ಪಿಟ್ಟಿದ್ದ ತುಟಿಗೆ ಬಣ್ಣ ಬಂದಿತ್ತು.

"ಬಾ ಬಾ, ಈ ಕಡೆ ಹಿಡ್ಕೋ," ಎಂದ ಮೊಳೆ ಉಗುಳಿ. "ಹಳೇ ಮೆಟ್ಟಿಲು ಅಲ್ಲಾಡ್ತಾ ಇತ್ತು. ನೀನು ಮುಗ್ಗರಿಸಿ ಬಿದ್ರೆ ಯಾರು ಎತ್ತೋರು?"

"ಬಿಸಿಲು ಏರ್ತಾ ಇದೆ. ನಾಳೆ ಮಾಡಿದ್ರಾಗಲ್ವಾ?"

"ನಾಳೆ ಮೆಟ್ಟಿಲಿಗೆ ಹಿಡ್ಕೊಳ್ಳೋ ಕಂಬಿ ಹಾಕ್ಬೇಕು. ಆಮೇಲೆ ಆ ಕೂಲರ್ ನೀರು ಸೋರೋದು ನಿಲ್ಲಿಸ್ಬೇಕು. ಎಷ್ಟು ಕೆಲಸ ಬಾಕಿ ಇದೆ ಈ ಮನೇಲಿ!"

ದಂಡೆಯ ಆ ತುದಿಯಲ್ಲಿ ಕಂಪನಿಯ ಹಳದಿ ಯಂತ್ರವೊಂದನ್ನು ಲಾರಿಯಿಂದ ಇಳಿಸುತ್ತಿದ್ದರು. ಎಲ್ಡನ್ ಅತ್ತ ಬೆನ್ನು ಮಾಡಿದ್ದ. ವೆರ್ಲಾ ಚೀಲ ಕೆಳಗಿಟ್ಟು, ಅವನ ಎದುರು ಮರಳಿನಲ್ಲಿ ಕೂತು, ಹಲಗೆಯ ತುದಿಯನ್ನು ಎರಡೂ ಕೈಯಲ್ಲಿ ಅಲ್ಲಾಡದ ಹಾಗೆ ಅದುಮಿ ಹಿಡಿದಳು. ಎಲ್ಡನ್ ಸುತ್ತಿಗೆ ಎತ್ತಿದ. ಅವನ ಉಸಿರು ಸರಾಗವಾಗಿ ಆಡುತ್ತಿತ್ತು.