ಮೂರನೆಯ ನೀರೂ ಹಳದಿ

ಟಿಕ್, ಮತ್ತೆ ಟಿಕ್, ಹೊಟ್ಟೆ ಬಿರಿಯ ಉಂಡವನ ಬಿಕ್ಕಳಿಕೆಯ ಹಾಗೆ ಪಂಪು ಸದ್ದು ಮಾಡುತ್ತಿದೆ, ಪರದೆಯ ಮೇಲೆ ಗೆರೆ ಮಲಗಿಯೇ ಇದೆ, ಮಲಗಲಿ, ಈಗಿನ್ನೂ ಎರಡನೇ ನಿಮಿಷ, ಹಳದಿ ಬೇರಿನ ಕಹಿ ಏಳುವುದು ಒಂಬತ್ತಕ್ಕೆ, ಅಷ್ಟು ನನಗೂ ಗೊತ್ತು, ಓದಿದ್ದು ಮೂರೇ ಕ್ಲಾಸಾದರೂ ಇಪ್ಪತ್ತೆರಡು ವರ್ಷ ಈ ಔಷಧಿ ಕಂಪನಿಯ ಲ್ಯಾಬಿನ ಸೀಸೆ ತೊಳೆದವನು — ಬೇರಿನ ರಸವನ್ನು ಆ ಉಕ್ಕಿನ ಕೊಳವೆಯೊಳಗೆ ಓಡಿಸುತ್ತಾರೆ, ಒಂದೊಂದು ಸತ್ವವೂ ತನ್ನ ತನ್ನ ಗಳಿಗೆಗೆ ಹೊರಬೀಳುತ್ತದೆ, ಮದುವೆ ಮನೆಯಿಂದ ನೆಂಟರು ಹೊರಟ ಹಾಗೆ, ಅವಸರದವರು ಮೊದಲು, ಮಾತಿನಮಲ್ಲರು ಕೊನೆಗೆ, ಬಂದಷ್ಟಕ್ಕೂ ಗೆರೆ ಗುಡ್ಡವಾಗುತ್ತದೆ, ಗುಡ್ಡ ದೊಡ್ಡದಿದ್ದಷ್ಟು ಬೇರಿನಲ್ಲಿ ಮದ್ದು ಹೆಚ್ಚು — ನಮ್ಮಕ್ಕ ಅಗೆದು ಒಣಗಿಸಿ ತಂದ ಬೇರಿಗೆ ಬೆಳಿಗ್ಗೆ ಎದ್ದದ್ದು ಗುಡ್ಡವಲ್ಲ, ಇರುವೆ ಗೂಡು. ತಾತ, ಇರಬೇಕಾದ್ದರಲ್ಲಿ ಅರ್ಧಾನೂ ಇಲ್ಲ, ಮೂಟೆ ವಾಪಸ್ ಕಳಿಸ್ಬೇಕು, ನೀವೇ ಹೇಳ್ಬಿಡಿ ಅವ್ರಿಗೆ, ಅಂದಳು ಲ್ಯಾಬಿನ ಮೇಡಂ, ಮೊಮ್ಮಗಳ ವಯಸ್ಸಿನವಳು, ನನ್ನ ಮುಖ ನೋಡಲಾರದೆ — ನಾನು ಹೇಳುವುದೇ, ಅಕ್ಕನಿಗೆ, ಹೊರಗೆ ಬೆಂಚಿನ ಮೇಲೆ ಮೂಟೆಯನ್ನು ಮಗುವಿನಂತೆ ತಬ್ಬಿ ಕೂತವಳಿಗೆ, ಎಪ್ಪತ್ತಾರಾದರೂ ಗುದ್ದಲಿ ಬಿಡದವಳಿಗೆ, ನಿನ್ನೆಯಷ್ಟೇ ಅಂದಿದ್ದಳು, ಲೋ, ನನ್ ಬೇರು ತಿರುಗಿ ಬಂದ್ರೆ ಅವತ್ತೇ ಗುದ್ದಲಿ ಅಟ್ಟಕ್ಕೆ, ಆಮೇಲೆ ದಿನಾ ನಿನ್ ಹೆಂಡ್ತಿ ಅಡುಗೆಗೆ ಹೆಸರಿಡ್ತಾ ಕೂತಿರ್ತೀನಿ, ಅದಕ್ಕೆ ನನ್ನವಳು ಗುಟ್ಟಾಗಿ, ರೀ, ಹೆಂಗಾದ್ರೂ ಆ ಬೇರು ಪಾಸಾಗ್ಲಿ ಕಣ್ರೀ — ನಗು ಬರುತ್ತದೆ, ಬರಬಾರದು, ಅಕ್ಕ ಗುದ್ದಲಿ ಕೆಳಗಿಟ್ಟರೆ ಮತ್ತೆ ಏಳುವವಳಲ್ಲ, ಅದು ನನಗೊಬ್ಬನಿಗೇ ಗೊತ್ತು.

ನನಗೆ ಐದು ವರ್ಷ, ಅಕ್ಕನಿಗೆ ಒಂಬತ್ತು, ಹೆಬ್ಬೆರಳಿನ ಉಗುರಿನಿಂದ ಬೇರನ್ನು ಗೀರಿದಳು, ಒಳಗಿನ ಹಳದಿ ಫಳ್ಳನೆ ಕಂಡಿತು, ಆ ಉಗುರನ್ನೇ ನನ್ನ ಬಾಯಿಗಿಟ್ಟಳು, ನೆಕ್ಕೋ, ಕಲ್ಲುಸಕ್ಕರೆ, ನೆಕ್ಕಿದೆ, ಕಹಿ ಕಿವಿಯವರೆಗೂ ಏರಿತು, ನಾನು ಗೋಳೋ ಎಂದರೆ ಅವಳು ಬಿದ್ದು ಬಿದ್ದು ನಗುತ್ತಾಳೆ, ಇವತ್ತಿಗೂ ಆ ಉಗುರಿನ ಅಂಚು ಹಳದಿಯೇ — ಐದನೇ ನಿಮಿಷ, ಗೆರೆಯಲ್ಲಿ ಯಾವುದೋ ಗುಳ್ಳೆ ಎದ್ದು ಬಿತ್ತು, ನಮ್ಮದಲ್ಲ — ಆಗ ಅಕ್ಕನಿಗೆ ಹೇಳಲು ಕಾಲೇಳದೆ ಬೆಳಿಗ್ಗೆಯ ಫ್ಲಾಸ್ಕು ತೊಳೆಯಲು ನಿಂತೆ, ತಳದ ಚರಟಕ್ಕೆ ನೀರು ಹಾಕಿ ಕುಲುಕಿದೆ, ಹಳದಿ, ಚೆಲ್ಲಿದೆ, ಎರಡನೆಯ ನೀರೂ ಹಳದಿ, ಮೂರನೆಯದೂ, ಎಲ್ಲ ಕೊಟ್ಟು ಮುಗಿಸಿದ ಚರಟವಾದರೆ ಎರಡನೆಯದಕ್ಕೇ ತಿಳಿಯಾಗಬೇಕಿತ್ತು, ಎಷ್ಟು ಸಾವಿರ ಸೀಸೆ ನೋಡಿಲ್ಲ ನಾನು, ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗಿಲ್ಲ, ಮರಳಿನ ಹಾಗೆ ತರಿತರಿ, ಬೇರಿನ ಪುಡಿ ಸಾಣಿಸಿದ ಜರಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಅಂಚಿನಲ್ಲಿ ಹರಿದಿದೆ, ತರಿಯೆಲ್ಲ ಹಿಟ್ಟಿನ ಜೊತೆ ಇಳಿದುಬಿಟ್ಟಿದೆ. ಈ ಕೋಣೆಯಲ್ಲಿ ಇಷ್ಟು ವರ್ಷ ಹೂಂ ಅಂದವನು, ಆಗಲಿ ಅಂದವನು, ಬಾಯಿ ಬಿಟ್ಟೆ, ಮೇಡಂ, ಬೇರಲ್ಲಿ ಇನ್ನೂ ಇದೆ, ನಾವೇ ಪೂರ್ತಿ ಇಸ್ಕೊಂಡಿಲ್ಲ. ಅವಳು ಫ್ಲಾಸ್ಕು ನೋಡಿದಳು, ಜರಡಿ ನೋಡಿದಳು, ಹಣೆ ಚಚ್ಚಿಕೊಂಡಳು, ಛೆ ತಾತ, ಇದನ್ನ ನಾನು ನೋಡ್ಬೇಕಿತ್ತು, ಅಂತ ಮೂಟೆಯಿಂದ ಮತ್ತೆ ಬೇರು ತೆಗೆದು, ನುಣ್ಣಗೆ ಬೀಸಿ, ಹೊಸ ಜರಡಿ ಹಿಡಿದು, ಸ್ಪಿರಿಟ್ಟಿನಲ್ಲಿ ಕುಲುಕಿ, ಸೋಸಿ, ಈಗ ಕೊಳವೆಯಲ್ಲಿ ಓಡುತ್ತಿರುವುದು ಅದೇ ರಸ —

ಚಪ್ಪಲಿ ಹೊರಗೆ ಬಿಟ್ಟು ಅಕ್ಕ ಒಳಗೇ ಬಂದುಬಿಟ್ಟಳು, ಏನೋ ಇದು, ನನ್ ಬೇರು ಟೀವಿಲಿ ಬರುತ್ತಾ, ಬರುತ್ತೆ ಅಜ್ಜಿ, ಒಂಬತ್ತನೇ ನಿಮಿಷಕ್ಕೆ, ಬೆಳಿಗ್ಗೆ ಇಲ್ಲೀತನಕ ಬಂದಿತ್ತು, ಇದರ ಎರಡರಷ್ಟಕ್ಕಿಂತ ಮೇಲೆ ಬಂದ್ರೆ ಪಾಸು, ಅಂತ ಮೇಡಂ ತೋರಿಸಿದಳು, ಅಷ್ಟೇನಾ, ಅಂದಳು ಅಕ್ಕ, ಬೆಳಿಗ್ಗೆಯ ಎತ್ತರಕ್ಕೆ ಸರಿಯಾಗಿ ಪರದೆಯ ಮೇಲೆ ಹೆಬ್ಬೆರಳಿನ ಉಗುರು ಊರಿ ನಿಂತಳು, ಗಾಜು ಮುಟ್ಬೇಡಿ ಅಜ್ಜಿ, ಸುಮ್ನಿರಮ್ಮ, ಅದು ದಾಟೋದನ್ನ ನಾನು ನೋಡ್ಬೇಕು — ಎಂಟು, ಟಿಕ್, ಎಂಟೂವರೆ, ನನ್ನ ನಾಲಿಗೆಯಲ್ಲಿ ಯಾಕೋ ಕಹಿ, ಗೆರೆ ನಡುಗಿತು, ಎದ್ದಿತು, ಏಳುತ್ತಿದೆ, ಉಗುರಿಗೆ ತಾಗಿತು, ನಿಲ್ಲಲಿಲ್ಲ, ದಾಟಿತು, ಏರುತ್ತಲೇ ಇದೆ, ಮೇಡಂ ಚಪ್ಪಾಳೆ ತಟ್ಟುತ್ತಿದ್ದಾಳೆ, ಅಕ್ಕ ಒಂಬತ್ತು ವರ್ಷದವಳ ಹಾಗೆ ಬಿದ್ದು ಬಿದ್ದು ನಗುತ್ತಿದ್ದಾಳೆ, ಗುಡ್ಡದ ಬುಡದಲ್ಲಿ, ಕೆಳಗೆಲ್ಲೋ ಉಳಿದುಹೋದ ಉಗುರು, ಆ ಉಗುರು, ಅಂಚು ಹಳದಿ —